ಮೂಲೆಯ ಯಂತ್ರ

ಡಯಾಲಿಸಿಸ್‌ ರೋಗಿಗೆ ಹೆಪಟೈಟಿಸ್‌ ಸಿ ಇದೆಯೆಂದು ಗೊತ್ತಾದರೆ ನಮ್ಮ ಅನೇಕ ಕೇಂದ್ರಗಳು ಮೊದಲು ಬದಲಿಸುವುದು ಯಂತ್ರವನ್ನು. ಮೂಲೆಯ ಯಂತ್ರಕ್ಕೆ ‘ಎಚ್‌ಸಿವಿ’ (ಹೆಪಟೈಟಿಸ್‌ ಸಿ ವೈರಸ್‌) ಚೀಟಿ ಅಂಟಿಸಿ ರೋಗಿಯನ್ನು ಅಲ್ಲಿಗೆ ಕಾಯಂ ಮಾಡುತ್ತಾರೆ. ಔಷಧದ ಮಾತು ಬರುವುದು ಆಮೇಲೆ, ಬಂದರೆ. ರೋಗ ಗುಣಪಡಿಸುವ ಮಾತ್ರೆ ಕೈಯಲ್ಲಿರುವಾಗ ಈ ಕ್ರಮ ಸಮರ್ಥನೀಯವಲ್ಲ.

ಹಿಂದೆ ಹಿಂಜರಿಕೆಗೆ ಕಾರಣವಿತ್ತು. ಇಂಟರ್‌ಫೆರಾನ್‌ ಚುಚ್ಚುಮದ್ದು ರೋಗಿಯನ್ನು ಹಣ್ಣುಮಾಡುತ್ತಿತ್ತು. ರೈಬಾವಿರಿನ್‌ ಕೆಂಪು ರಕ್ತಕಣಗಳನ್ನು ಒಡೆದು, ಮೊದಲೇ ರಕ್ತಹೀನರಾದವರನ್ನು ಇನ್ನಷ್ಟು ಸೊರಗಿಸುತ್ತಿತ್ತು. 2013ರ ಕೊನೆಗೆ ಅಮೆರಿಕದಲ್ಲಿ ಸೋಫೋಸ್ಬುವಿರ್‌ ಬಂತು, ಮಾತ್ರೆಯೊಂದಕ್ಕೆ ಸಾವಿರ ಡಾಲರ್‌. ಅದು ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕವಾದ್ದರಿಂದ ಡಯಾಲಿಸಿಸ್‌ನವರಿಗೆ ಕೊಡಲು ವೈದ್ಯರು ಅಂಜಿದರು. ಆ ಅಂಜಿಕೆಗೂ ಈಗ ನೆಲೆಯಿಲ್ಲ: 2019ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಡಯಾಲಿಸಿಸ್‌ ರೋಗಿಗಳಿಗೂ ಕೊಡಲು ಒಪ್ಪಿಗೆ ಕೊಟ್ಟಿತು, 2022ರಲ್ಲಿ ಅಂತರರಾಷ್ಟ್ರೀಯ ಮೂತ್ರಪಿಂಡ ಸಂಸ್ಥೆ ಕೆಡಿಗೊದ ಮಾರ್ಗಸೂಚಿಯೂ ಅದನ್ನು ಸೇರಿಸಿಕೊಂಡಿತು. ಭಾರತದಲ್ಲಂತೂ 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್‌ ಹೆಪಟೈಟಿಸ್‌ ನಿಯಂತ್ರಣ ಕಾರ್ಯಕ್ರಮದಡಿ ಔಷಧ ಉಚಿತ. ಸಾಮಾನ್ಯವಾಗಿ 12 ವಾರ ನುಂಗಿದರೆ ಸಾಕು.

ಇನ್ನು ಯಂತ್ರದ ವಿಷಯ. ವೈರಸ್‌ ದಾಟುವುದು ಹೆಚ್ಚಾಗಿ ಕೈಯಿಂದ. ಒಬ್ಬರ ಫಿಸ್ಟುಲಾದ (ಡಯಾಲಿಸಿಸ್‌ಗಾಗಿ ಜೋಡಿಸಿದ ರಕ್ತನಾಳ) ಸೂಜಿ ತೆಗೆಯುತ್ತಿರುವ ಟೆಕ್ನಿಷಿಯನ್‌, ಪಕ್ಕದ ಯಂತ್ರದ ಅಲಾರಾಂ ಕೂಗಿತೆಂದು ಅದೇ ಗ್ಲೌಸಿನಲ್ಲಿ ಹೋಗಿ ಗುಂಡಿ ಒತ್ತುತ್ತಾರೆ. ಹಲವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಒಂದೇ ಹೆಪಾರಿನ್‌ ಬಾಟಲಿ, ಹಾಸಿಗೆಯಿಂದ ಹಾಸಿಗೆಗೆ ಉರುಳುವ ಒಂದೇ ಟ್ರಾಲಿ. ಕಣ್ಣಿಗೆ ಕಾಣದಷ್ಟು ರಕ್ತವೇ ಸೋಂಕಿಗೆ ಸಾಕು. ಹೆಪಟೈಟಿಸ್‌ ಬಿ ಮಾತು ಬೇರೆ. ಅದಕ್ಕೆ ಪ್ರತ್ಯೇಕ ಕೊಠಡಿ, ಯಂತ್ರ ಬೇಕೇ ಬೇಕು. ಸಿ ಸೋಂಕಿಗೆ ಅವು ಬೇಡವೆಂದೇ ಕೆಡಿಗೊ ಹೇಳುತ್ತದೆ.

ಸಿಬ್ಬಂದಿ ಸಾಲದ ಕಡೆ ಪ್ರತ್ಯೇಕ ಯಂತ್ರವೇ ವಾಸಿ ಎಂಬ ವಾದವುಂಟು. ತಳ್ಳಿಹಾಕುವಂಥದ್ದಲ್ಲ, ಆದರೆ ಅರೆಬರೆ. ಹೊಸದಾಗಿ ಸೋಂಕು ತಗಲಿದವರ ರಕ್ತದಲ್ಲಿ ಪ್ರತಿಕಾಯ ಕಾಣಿಸಲು ವಾರಗಳೇ ಬೇಕು, ಕೆಲವೊಮ್ಮೆ ತಿಂಗಳುಗಳು. ಡಯಾಲಿಸಿಸ್‌ನವರಲ್ಲಿ ಯಕೃತ್ತಿನ ಕಿಣ್ವಗಳೂ ಏರದೆ ಇರಬಹುದು. ಅಷ್ಟು ದಿನವೂ ಅವರು ‘ನೆಗೆಟಿವ್‌’ ಸಾಲಿನಲ್ಲೇ ಮಲಗಿರುತ್ತಾರೆ. ಅವರನ್ನು ಹಿಡಿಯುವುದು ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ.

ಗುಣವಾದವರ ಪಾಡು ಇನ್ನೂ ವಿಚಿತ್ರ. ಮಾತ್ರೆ ಮುಗಿದು 12 ವಾರಗಳ ನಂತರವೂ ಆರ್‌ಎನ್‌ಎ ಪತ್ತೆಯಾಗದಿದ್ದರೆ ರೋಗ ವಾಸಿಯಾದಂತೆ. ಆದರೆ ಪ್ರತಿಕಾಯ ವರ್ಷಗಟ್ಟಲೆ ಉಳಿಯುವುದರಿಂದ ಅದರ ಪರೀಕ್ಷೆ ಪಾಸಿಟಿವ್‌ ಎಂದೇ ತೋರಿಸುತ್ತದೆ. ಆ ಹಳೆಯ ಚೀಟಿಯನ್ನೇ ನೋಡುವ ಕೇಂದ್ರ ಅವರನ್ನು ಮೂಲೆಯಿಂದ ಬಿಡುಗಡೆ ಮಾಡುವುದಿಲ್ಲ. ಮದುವೆಗೆಂದು ಬೇರೆ ಊರಿಗೆ ಹೋಗಿ ಅಲ್ಲಿ ಡಯಾಲಿಸಿಸ್‌ ಕೇಳಿದರೂ ಸಿಗುವ ಉತ್ತರ, ‘ಪಾಸಿಟಿವ್‌ ಮೆಷಿನ್‌ ಖಾಲಿ ಇಲ್ಲ.’