ವಿದ್ವತ್ತಿನ ಫಲ ಶಹಾಡ್‌ವರೆಗೆ ತಲುಪುವುದೆಂದು?

ಮಧ್ಯ ರೈಲ್ವೆಯ ಲೋಕಲ್ ಗಾಡಿ ಕಲ್ಯಾಣ್ ಜಂಕ್ಷನ್ ದಾಟಿ ಕಸಾರಾದತ್ತ ಹೊರಟಾಗ ಸಿಗುವ ಮೊದಲ ನಿಲ್ದಾಣ ಶಹಾಡ್. ಸೆಂಚುರಿ ರೇಯಾನ್ ಕಾರ್ಖಾನೆಯಿಂದಲೂ, ಬಿರ್ಲಾ ಮಂದಿರವೆಂದು ಜನರು ಕರೆಯುವ ವಿಠ್ಠಲ ದೇವಸ್ಥಾನದಿಂದಲೂ ಹೆಸರಾದ ಊರು ಇದು. ಶಹಾಡ್, ಕಲ್ಯಾಣ್, ಉಲ್ಲಾಸನಗರ, ಅಂಬರನಾಥಗಳ ಈ ಪರಿಸರದಲ್ಲಿ ಕರಾವಳಿಯಿಂದ ಬಂದ ತುಳು-ಕನ್ನಡಿಗರೂ, ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ದುಡಿಮೆಯನ್ನರಸಿ ಬಂದ ಕನ್ನಡಿಗರೂ ನೆಲೆಸಿದ್ದಾರೆ. ಇಲ್ಲಿಂದ ಸಾಂತಾಕ್ರೂಜ್‌ನ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ತಲುಪಲು ಕುರ್ಲಾದಲ್ಲಿಳಿದು ಮತ್ತೊಂದು ವಾಹನ ಹಿಡಿಯಬೇಕು. ದಾರಿಯ ದೂರ ಇಷ್ಟೇ. ಆದರೆ ಆ ವಿಭಾಗದಲ್ಲಿಯೂ ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿಯೂ ಸಿದ್ಧವಾಗುವ ಸಂಶೋಧನ ಗ್ರಂಥಗಳಿಗೂ ಶಹಾಡ್‌ನ ಕನ್ನಡಿಗನಿಗೂ ನಡುವೆ ಇರುವ ಅಂತರ ಮಾತ್ರ ಇದಕ್ಕಿಂತ ಬಹಳ ದೊಡ್ಡದು.

ಅಧ್ಯಾಪಕರ ಗ್ರಂಥ ಬಿಡುಗಡೆ, ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡನೆ, ಡಾಕ್ಟರೇಟ್ ಪದವಿ ಪ್ರದಾನ ಮೊದಲಾದ ಸುದ್ದಿಗಳು ನಮ್ಮ ಪತ್ರಿಕೆಗಳಲ್ಲಿ ಆಗಾಗ್ಗೆ ಪ್ರಕಟವಾಗುತ್ತವೆ. ಅಧ್ಯಕ್ಷತೆ ವಹಿಸಿದವರು ಯಾರು, ಬಿಡುಗಡೆ ಮಾಡಿದವರು ಯಾರು, ವಂದನಾರ್ಪಣೆ ಯಾರದು ಎಂಬ ವಿವರಗಳೆಲ್ಲ ಅವುಗಳಲ್ಲಿರುತ್ತವೆ. ಗ್ರಂಥದಲ್ಲಿ ಏನಿದೆ, ಲೇಖಕರು ಯಾವ ಹೊಸ ಸಂಗತಿಯನ್ನು ಕಂಡುಕೊಂಡರು, ಅದರಿಂದ ನಮ್ಮ ತಿಳಿವಳಿಕೆ ಎಲ್ಲಿ ಬದಲಾಗಬೇಕು ಎಂಬ ವಿಚಾರ ಬರುವುದು ವಿರಳ. ಇದು ಕೇವಲ ವರದಿಗಾರರ ದೋಷವಲ್ಲ. ವಿದ್ವತ್ತನ್ನು ಅಳೆಯುವ ವ್ಯವಸ್ಥೆಯೂ ಅದನ್ನು ಸ್ವೀಕರಿಸಬೇಕಾದ ಸಮಾಜವೂ ಈ ಸ್ಥಿತಿಗೆ ಸಮಾನವಾಗಿ ಹೊಣೆಯಾಗಿವೆ.

ಸಂಶೋಧನೆ ಪಂಡಿತರ ವಿಷಯ, ದುಡಿದು ತಿನ್ನುವ ನಮಗೇನು ಎಂದು ಕೇಳುವವರುಂಟು. ಶಹಾಡ್‌ನ ವಿಠ್ಠಲ ಮಂದಿರದಿಂದಲೇ ಉತ್ತರವನ್ನು ಆರಂಭಿಸಬಹುದು. ಆಷಾಢ ಏಕಾದಶಿಯಂದು ಅಲ್ಲಿ ಕೈಮುಗಿಯುವ ಕನ್ನಡಿಗನು ತಾನು ಮಹಾರಾಷ್ಟ್ರದ ದೇವರ ಮುಂದೆ ನಿಂತಿದ್ದೇನೆಂದು ಭಾವಿಸುತ್ತಾನೆ. ಆದರೆ ಪಂಢರಪುರದ ಹಳೆಯ ಕನ್ನಡ ಹೆಸರು ಪಂಡರಗೆ. ಹೊಯ್ಸಳ ದೊರೆ ಸೋಮೇಶ್ವರನ ಕಾಲದ 1237ರ ಶಾಸನವೊಂದು ಅಲ್ಲಿದೆ. ಜ್ಞಾನೇಶ್ವರರು ವಿಠ್ಠಲನನ್ನು ಕಾನಡಾ ಎಂದು ಬಣ್ಣಿಸಿದ್ದರ ಅರ್ಥವೇನೆಂಬುದು ವಿದ್ವಾಂಸರ ನಡುವೆ ದೀರ್ಘಕಾಲ ಚರ್ಚೆಯಾಗಿದೆ. ಮರಾಠಿಯ ಹಿರಿಯ ಸಂಶೋಧಕ ರಾ. ಚಿಂ. ಢೇರೆ ಅವರು 1984ರಲ್ಲಿ ಪ್ರಕಟಿಸಿದ 'ಶ್ರೀವಿಠ್ಠಲ: ಏಕ್ ಮಹಾಸಮನ್ವಯ' ಗ್ರಂಥದಲ್ಲಿ ಈ ದೈವವು ಮೂಲದಲ್ಲಿ ಪಶುಪಾಲಕ ಸಮುದಾಯಗಳದೆಂದೂ ಅದರ ಬೇರುಗಳು ದಕ್ಷಿಣಕ್ಕೆ, ಕನ್ನಡದ ನೆಲಕ್ಕೆ ಚಾಚಿವೆಯೆಂದೂ ವಿಸ್ತಾರವಾಗಿ ವಾದಿಸಿದರು. ಆ ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆ್ಯನ್ ಫೆಲ್ಡ್‌ಹೌಸ್ ಅವರ ಇಂಗ್ಲಿಷ್ ಅನುವಾದವು 2011ರಲ್ಲಿ ಹೊರಬಂದು ಜಗತ್ತಿನ ವಿದ್ವಾಂಸರನ್ನು ತಲುಪಿತು. ಮರಾಠಿಗನೊಬ್ಬನು ತನ್ನ ಆರಾಧ್ಯದೈವದ ಕನ್ನಡ ಸಂಬಂಧವನ್ನು ನಿಸ್ಸಂಕೋಚವಾಗಿ ಎತ್ತಿ ತೋರಿಸಿದ್ದು ಸಾಮಾನ್ಯ ಸಂಗತಿಯಲ್ಲ. ಆ ಮಂದಿರಕ್ಕೆ ಹೋಗುವ ನಮ್ಮವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ವಿದ್ವತ್ತು ಅಭಿಮಾನಕ್ಕೆ ಆಹಾರ ಒದಗಿಸುವುದಷ್ಟೇ ಅಲ್ಲ, ಅದಕ್ಕೆ ಕಡಿವಾಣವನ್ನೂ ಹಾಕುತ್ತದೆ. ನಮ್ಮ ನೆರೆಯ ಅಂಬರನಾಥದ ಶಿವಾಲಯವನ್ನು ತೆಗೆದುಕೊಳ್ಳೋಣ. ಅಲ್ಲಿಯ ಶಕ 982ರ, ಎಂದರೆ 1060ರ ಶಾಸನವು ಉತ್ತರ ಕೊಂಕಣದ ಶಿಲಾಹಾರ ದೊರೆ ಮಾಮ್ವಾಣಿಯ ಕಾಲದ್ದು. ಶಿಲಾಹಾರರು ಮೊದಲು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಬೊರಿವಲಿಯ ಬಳಿಯ ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಶಿಲಾಹಾರ ಪುಲ್ಲಶಕ್ತಿ, ಕಪರ್ದಿಯರ ಹೆಸರಿನೊಂದಿಗೆ ಅವರ ಒಡೆಯ ಅಮೋಘವರ್ಷನ ಹೆಸರೂ ಇದೆ. 'ಕವಿರಾಜಮಾರ್ಗ' ರಚನೆಯಾದ ಆಸ್ಥಾನದ ಅದೇ ಅಮೋಘವರ್ಷ. ಇಷ್ಟು ಕೇಳಿದೊಡನೆ ಮುಂಬಯಿಯೆಲ್ಲ ಕನ್ನಡ ನಾಡಾಗಿತ್ತೆಂದು ವೇದಿಕೆಯಿಂದ ಘೋಷಿಸುವ ಉತ್ಸಾಹ ನಮಗೆ ಬರುತ್ತದೆ. ಆದರೆ ಆ ಶಾಸನಗಳ ಭಾಷೆ ಕನ್ನಡವಲ್ಲ, ಸಂಸ್ಕೃತ. ಅರಸನ ಆಳ್ವಿಕೆ ಒಂದು, ಜನರ ಆಡುಮಾತು ಇನ್ನೊಂದು. ಈ ವಿವೇಚನೆಯನ್ನು ಕಲಿಸುವುದೇ ಸಂಶೋಧನೆಯ ಕೆಲಸ. ವಾ. ವಿ. ಮಿರಾಶಿ ಅವರು ಶಿಲಾಹಾರರ ಶಾಸನಗಳನ್ನೆಲ್ಲ ಸಂಪಾದಿಸಿ 1977ರಲ್ಲಿ ಒಂದು ಸಂಪುಟವಾಗಿ ಹೊರತಂದುದರಿಂದ ಆಧಾರದ ಮಾತಿಗೂ ಆವೇಶದ ಮಾತಿಗೂ ಇರುವ ವ್ಯತ್ಯಾಸವನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದಾಗಿದೆ.

ಕಲ್ಯಾಣವೆಂಬ ಹೆಸರಿನ ಗೊಂದಲವೂ ಇಂಥದೇ. ಬಸವಣ್ಣನವರ ಕಲ್ಯಾಣ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ; ಚಾಲುಕ್ಯರ ರಾಜಧಾನಿಯೂ ಅದೇ. ನಮ್ಮ ಕಲ್ಯಾಣ್ ಬೇರೆ. ಇದು ಅದಕ್ಕಿಂತ ಎಷ್ಟೋ ಹಿಂದಿನ ಬಂದರು. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಕಾನ್ಹೇರಿಗೆ ದಾನ ನೀಡಿದ ಕಲ್ಯಾಣದ ನಿವಾಸಿಗಳ ಹೆಸರುಗಳು ಅಲ್ಲಿಯ ಬ್ರಾಹ್ಮೀ ಶಾಸನಗಳಲ್ಲಿವೆ. ಗ್ರೀಕ್ ನಾವಿಕನ 'ಪೆರಿಪ್ಲಸ್' ಕೂಡ ಈ ಬಂದರನ್ನು ಹೆಸರಿಸುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಬೆಳೆಯುವ ಮಗುವಿಗೆ ಎರಡೂ ಊರುಗಳ ಹಿರಿಮೆ ತಪ್ಪಿಹೋಗುತ್ತದೆ.

ಮುಂಬಯಿಯ ಕನ್ನಡ ವಿದ್ವತ್ತಿಗೆ ಹಿಂದಿನ ಪರಂಪರೆಯೇ ಇದೆ. ಬೊಂಬಾಯಿ ಆಡಳಿತ ಸೇವೆಯಲ್ಲಿದ್ದ ಜೆ. ಎಫ್. ಫ್ಲೀಟ್ 1882ರಲ್ಲಿ ಈ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳ ಕುರಿತ ಗ್ರಂಥವನ್ನು ಹೊರತಂದರು. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಹೋಯಿತು. ವೃತ್ತಿಯಿಂದ ಗ್ರಂಥಪಾಲರಾಗಿದ್ದ ಶ್ರೀನಿವಾಸ ಹಾವನೂರ ಅವರು 1974ರಲ್ಲಿ 'ಹೊಸಗನ್ನಡದ ಅರುಣೋದಯ'ವನ್ನು ಕೊಟ್ಟು ಕನ್ನಡ ಸಾಹಿತ್ಯ ಚರಿತ್ರೆಯ ಒಂದು ಕಾಲಘಟ್ಟದ ಬಗೆಗಿನ ಕಲ್ಪನೆಯನ್ನೇ ಬದಲಿಸಿದರು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಡಾ. ತಾಳ್ತಜೆ ವಸಂತಕುಮಾರ ಅವರು ಸಂಶೋಧನೆಯ ವಿಧಾನವನ್ನೇ ಕುರಿತು ಗ್ರಂಥ ರಚಿಸಿದರು. ಅನಂತರ ವಿಭಾಗವನ್ನು ದೀರ್ಘಕಾಲ ಮುನ್ನಡೆಸಿದ ಡಾ. ಜಿ. ಎನ್. ಉಪಾಧ್ಯ ಅವರು ಸೊಲ್ಲಾಪುರವನ್ನು ತಮ್ಮ ಸಾಂಸ್ಕೃತಿಕ ಅಧ್ಯಯನದ ವಸ್ತುವಾಗಿ ಆರಿಸಿಕೊಂಡರು. ಮಹಾರಾಷ್ಟ್ರದ ಕನ್ನಡದ ಕುರಿತು ಅನೇಕ ಗ್ರಂಥಗಳನ್ನು ಬರೆದರು, ವಿದ್ಯಾರ್ಥಿಗಳಿಂದಲೂ ಬರೆಯಿಸಿದರು.

ಈ ಪರಂಪರೆಯಲ್ಲಿ ನಮಗೆ ಮಾದರಿಯಾಗಬೇಕಾದ ಕೃತಿಯೊಂದನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟ 1988ರಲ್ಲಿ ಪ್ರಕಟವಾಯಿತು. ಅದರ ಸಂಪಾದಕರು ಇಬ್ಬರು. ಒಬ್ಬರು ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಶ್ರೀನಿವಾಸ ರಿತ್ತಿ. ಇನ್ನೊಬ್ಬರು ಯಾವ ವಿಶ್ವವಿದ್ಯಾಲಯಕ್ಕೂ ಸೇರದ, ಸೊಲ್ಲಾಪುರದ ಹವ್ಯಾಸಿ ಸಂಶೋಧಕ ಆನಂದ ಕುಂಭಾರ. ಊರೂರು ಸುತ್ತಿ ಕಲ್ಲುಗಳನ್ನು ಹುಡುಕುವ ಸ್ಥಳೀಯನ ಶ್ರದ್ಧೆಯೂ, ಓದಿ ಪಾಠವನ್ನು ನಿರ್ಣಯಿಸುವ ಪ್ರಾಧ್ಯಾಪಕನ ಶಾಸ್ತ್ರವೂ ಅಲ್ಲಿ ಒಂದಾದವು. ಸೊಲ್ಲಾಪುರ ಸೀಮೆಯಲ್ಲಿ ಕನ್ನಡ ಎಷ್ಟು ಆಳವಾಗಿ ಬೇರೂರಿತ್ತೆಂಬುದನ್ನು ನಾವಿಂದು ಆಧಾರಸಹಿತ ಹೇಳಬಹುದಾದರೆ ಅದಕ್ಕೆ ಇಂಥ ಸಹಯೋಗವೇ ಕಾರಣ. ವಿಶ್ವವಿದ್ಯಾಲಯ ಮತ್ತು ಸಮಾಜ ಒಂದಾದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂಥ ಕೆಲಸಕ್ಕೆ ಇಂದಿನ ವ್ಯವಸ್ಥೆಯಲ್ಲಿ ಏನು ಬೆಲೆ? ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯ ಅಂಕಪಟ್ಟಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಆಯೋಗ ಒಪ್ಪಿದ ನಿಯತಕಾಲಿಕದ ಒಂದು ಲೇಖನಕ್ಕೆ 10 ಅಂಕ. ರಾಷ್ಟ್ರೀಯ ಪ್ರಕಾಶಕರು ಹೊರತಂದ ಇಡೀ ಗ್ರಂಥಕ್ಕೂ 10 ಅಂಕ. ಇಡೀ ಗ್ರಂಥವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸಿದರೆ 8. ವಿದೇಶದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದರೆ 7, ರಾಷ್ಟ್ರೀಯ ಮಟ್ಟದಲ್ಲಾದರೆ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದಲ್ಲಾದರೆ 2. ನೇರ ನೇಮಕಾತಿಯಲ್ಲಿ ಸಹಪ್ರಾಧ್ಯಾಪಕರಾಗಲು ಕನಿಷ್ಠ 7 ಪ್ರಕಟಣೆಗಳೂ 75 ಅಂಕಗಳೂ, ಪ್ರಾಧ್ಯಾಪಕರಾಗಲು 10 ಪ್ರಕಟಣೆಗಳೂ 120 ಅಂಕಗಳೂ ಇರಬೇಕೆಂದು ನಿಗದಿಯಾಯಿತು.

ಈ ಲೆಕ್ಕದ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಐದು ವರ್ಷ ಊರೂರು ಅಲೆದು ಬರೆದ ಗ್ರಂಥವೂ, ಹತ್ತು ಪುಟಗಳ ಲೇಖನವೂ ಒಂದೇ ತೂಕದವು. ಢೇರೆಯವರ ಗ್ರಂಥವನ್ನು ಕನ್ನಡಕ್ಕೆ ತರಲು ಹೊರಟ ಅಧ್ಯಾಪಕನ ವರ್ಷಗಳ ಶ್ರಮವು ಆ ಲೇಖನಕ್ಕಿಂತಲೂ ಹಗುರ. ಇನ್ನು ಭಾನುವಾರ ಸಂಜೆ ಡೊಂಬಿವಲಿಯಲ್ಲಿಯೋ ಶಹಾಡ್‌ನಲ್ಲಿಯೋ ನೂರು ಮಂದಿಯೆದುರು ಅಂಬರನಾಥದ ಶಾಸನವನ್ನು ವಿವರಿಸಿದರೆ ಆ ಮಾತಿಗೆ ಪಟ್ಟಿಯಲ್ಲಿ ಪ್ರತ್ಯೇಕವಾದ ಸ್ಥಾನವೇ ಇಲ್ಲ. ಹೀಗಿದ್ದೂ ಬರುವ ಅಧ್ಯಾಪಕರು ಇದ್ದಾರೆ. ಅದು ಅವರ ಭಾಷಾಪ್ರೀತಿ. ಆದರೆ ಒಂದು ಸಮಾಜದ ಜ್ಞಾನವು ಕೆಲವರ ಸೌಜನ್ಯವನ್ನಷ್ಟೇ ನಂಬಿ ನಿಲ್ಲಬಾರದು.

ಅಂಕಗಳಿಗಾಗಿ ಲೇಖನ ಬರೆಯುವ ಧಾವಂತವು ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಪಿಡುಗನ್ನೂ ತಂದಿತು. ಅದನ್ನು ತಡೆಯಲು ಆಯೋಗವು 2018ರ ಕೊನೆಯಲ್ಲಿ ಕೇರ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿ, 2019ರಲ್ಲಿ ಮಾನ್ಯ ಪತ್ರಿಕೆಗಳ ಪಟ್ಟಿಯನ್ನು ಹೊರತಂದಿತು. ಎಲ್ಲವೂ ಒಂದೇ ಪಟ್ಟಿಯಿಂದ ನಿರ್ಧಾರವಾಗುತ್ತದೆ, ಭಾರತೀಯ ಭಾಷೆಗಳ ಒಳ್ಳೆಯ ಪತ್ರಿಕೆಗಳು ಹೊರಗುಳಿಯುತ್ತವೆ ಎಂಬ ದೂರುಗಳು ಬೆಳೆದು, 2025ರ ಫೆಬ್ರವರಿಯಲ್ಲಿ ಆಯೋಗವೇ ಆ ಪಟ್ಟಿಯನ್ನು ಕೈಬಿಟ್ಟಿತು. ಪತ್ರಿಕೆಗಳ ಯೋಗ್ಯತೆಯನ್ನು ನಿರ್ಣಯಿಸುವ ಹೊಣೆಯನ್ನು ಸೂಚನಾತ್ಮಕ ಮಾನದಂಡಗಳೊಡನೆ ವಿದ್ಯಾಸಂಸ್ಥೆಗಳಿಗೇ ಬಿಟ್ಟಿತು. ಅದಕ್ಕೆ ತುಸು ಮುಂಚೆ, 2025ರ ಜನವರಿ 6ರಂದು ಹೊರಬಂದ ಅಧ್ಯಾಪಕರ ನೇಮಕಾತಿಯ ಕರಡು ನಿಯಮಗಳಲ್ಲಿ, ಅಂಕಗಳ ಬದಲಾಗಿ ಒಂಬತ್ತು ಕ್ಷೇತ್ರಗಳಲ್ಲಿ ಕನಿಷ್ಠ ನಾಲ್ಕರಲ್ಲಿ ಗಮನಾರ್ಹ ಕೊಡುಗೆ ಇರಬೇಕೆಂಬ ಪ್ರಸ್ತಾಪವಿತ್ತು. ಭಾರತೀಯ ಭಾಷೆಗಳಲ್ಲಿ ಬೋಧನೆ ಹಾಗೂ ಸಮುದಾಯದೊಡನೆ ಒಡನಾಟ ಮತ್ತು ಸೇವೆ ಆ ಒಂಬತ್ತರಲ್ಲಿ ಸೇರಿದ್ದವು. ಆ ಕರಡಿನ ಬೇರೆ ಅಂಶಗಳ ಬಗ್ಗೆ, ಅದರಲ್ಲಿಯೂ ಕುಲಪತಿಗಳ ನೇಮಕದ ಬಗ್ಗೆ, ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಆಕ್ಷೇಪವೆತ್ತಿದವು. ಆ ವಾದವಿವಾದದ ನಡುವೆ ಈ ಒಂದು ಅಂಶ ಕಳೆದುಹೋಗಬಾರದು. ಸಮಾಜದೊಡನೆ ಅಧ್ಯಾಪಕನ ಒಡನಾಟವು ಎಣಿಕೆಗೆ ಬರುವುದಾದರೆ, ಆ ಒಡನಾಟಕ್ಕೆ ಮಹಾನಗರದಲ್ಲಿ ನಮ್ಮ ಸಂಘಗಳಿಗಿಂತ ತಕ್ಕ ವೇದಿಕೆ ಇನ್ನಾವುದಿದೆ?

ಇಲ್ಲಿ ನಮ್ಮ ತಪ್ಪುಗಳನ್ನೂ ಒಪ್ಪಿಕೊಳ್ಳಬೇಕು. ಬಿಡುಗಡೆಯ ದಿನ ಗೌರವ ಪ್ರತಿಗಾಗಿ ಕೈಚಾಚುವವರು ಬಹಳ. ಕೊಂಡು ಓದುವವರು ಕಡಿಮೆ. ಮೂರು ಗಂಟೆಯ ಸಮಾರಂಭದಲ್ಲಿ ಎರಡೂವರೆ ಗಂಟೆ ಸನ್ಮಾನಕ್ಕೆ ಹೋದರೆ, ಗ್ರಂಥದ ಬಗ್ಗೆ ಮಾತನಾಡಲು ಬಂದ ವಿದ್ವಾಂಸರಿಗೆ ಹತ್ತು ನಿಮಿಷದಲ್ಲಿ ಮುಗಿಸಿ ಎಂಬ ಚೀಟಿ ಬರುತ್ತದೆ. ವಿದ್ವಾಂಸರೂ ತಪ್ಪಿನಿಂದ ಹೊರತಲ್ಲ. ಹಾರ-ತುರಾಯಿಗಳ ವೇದಿಕೆಗೆ ಒಗ್ಗಿಹೋದವರು ಪ್ರಶ್ನೆಗಳ ವೇದಿಕೆಯನ್ನು ಕೇಳುವುದೇ ಇಲ್ಲ. ಪರಸ್ಪರ ಹೊಗಳಿಕೆಯಿಂದ ವಿದ್ವತ್ತು ಬೆಳೆಯದು.

ಕಾಲಾವಕಾಶವೂ ಹೆಚ್ಚಿಲ್ಲ. ಮುಂಬಯಿ, ಠಾಣೆ ಜಿಲ್ಲೆಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಕ್ಷೀಣಿಸಿವೆ. ಶಹಾಡ್‌ನಲ್ಲಿ ಹುಟ್ಟಿದ ಕನ್ನಡ ಮನೆತನದ ಮಗು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುತ್ತದೆ, ಬೀದಿಯಲ್ಲಿ ಮರಾಠಿ-ಹಿಂದಿಯಾಡುತ್ತದೆ, ಇಂಗ್ಲಿಷಿನಲ್ಲಿ ಓದುತ್ತದೆ. ಮಹಾರಾಷ್ಟ್ರದ ಕನ್ನಡದ ಕುರಿತು ಕನ್ನಡದಲ್ಲಿಯೇ ಬರೆದ ಗ್ರಂಥಗಳ ಸಾಲು ಇನ್ನೊಂದು ತಲೆಮಾರಿನಲ್ಲಿ ಈ ನೆಲದಲ್ಲಿಯೇ ಓದುಗರಿಲ್ಲದೆ ಉಳಿಯುವ ಭಯವಿದೆ. ವಿಭಾಗದ ತರಗತಿಗಳಲ್ಲಿ ಉದ್ಯೋಗಸ್ಥರೂ ಗೃಹಿಣಿಯರೂ ಕುಳಿತು ಸ್ನಾತಕೋತ್ತರ ಪದವಿ ಪಡೆಯುವ ದೃಶ್ಯ ಭರವಸೆ ಮೂಡಿಸುತ್ತದೆ. ಆದರೆ ಅವರ ಮಕ್ಕಳು ಅವರ ಪ್ರಬಂಧವನ್ನು ಓದಬಲ್ಲರೇ?

ಆದ್ದರಿಂದ ಆಗಬೇಕಾದುದು ಇಷ್ಟು. ಮೈಸೂರು ಅಸೋಸಿಯೇಶನ್ ಹಾಗೂ ಕನ್ನಡ ವಿಭಾಗ ಜೊತೆಗೂಡಿ ದತ್ತಿ ಉಪನ್ಯಾಸಗಳನ್ನು ನಡೆಸಿಕೊಂಡು ಬಂದ ಸತ್ಸಂಪ್ರದಾಯ ಮಾಟುಂಗಾದಲ್ಲಿದೆ. ಅದು ಕಲ್ಯಾಣ್‌ನಿಂದ ಆಚೆಗೂ ಬರಬೇಕು. ಮಹಾರಾಷ್ಟ್ರಕ್ಕೆ ಸಂಬಂಧಿಸಿದ ಪ್ರತಿಯೊಂದು ಕನ್ನಡ ಸಂಶೋಧನ ಗ್ರಂಥಕ್ಕೂ ಮರಾಠಿಯಲ್ಲಿ ಮೂವತ್ತು-ನಾಲ್ವತ್ತು ಪುಟಗಳ ಸಾರಾಂಶವೊಂದು ಹೊರಬರಬೇಕು. ಅದರ ಖರ್ಚು ಒಂದು ಸನ್ಮಾನ ಸಮಾರಂಭದ ಖರ್ಚಿಗಿಂತ ಹೆಚ್ಚಾಗದು. ಕನ್ನಡಕ್ಕೆ 2008ರಲ್ಲಿ, ಮರಾಠಿಗೆ 2024ರ ಅಕ್ಟೋಬರ್‌ನಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಿದೆ. ಒಂದರ ಪ್ರಾಚೀನತೆಯನ್ನು ಅರಿಯಲು ಇನ್ನೊಂದರ ನೆರವು ಬೇಕೆಂಬುದನ್ನು ಢೇರೆಯವರೂ ರಿತ್ತಿ-ಕುಂಭಾರರೂ ಮಾಡಿ ತೋರಿಸಿದ್ದಾರೆ. ಇನ್ನು, ಸಂಘದ ಸದಸ್ಯರು ಮಕ್ಕಳೊಡನೆ ಅಂಬರನಾಥಕ್ಕೆ ವರ್ಷಕ್ಕೊಮ್ಮೆ ಹೋಗಿ, ಬಲ್ಲ ಅಧ್ಯಾಪಕರಿಂದ ಅಲ್ಲಿಯೇ ಶಾಸನದ ಕಥೆಯನ್ನು ಕೇಳಬೇಕು. ಶಹಾಡ್‌ನಿಂದ ಕಲ್ಯಾಣ್‌ಗೆ ಬಂದು ಗಾಡಿ ಬದಲಿಸಿದರೆ ಅಂಬರನಾಥ ದೂರವಲ್ಲ.

ಮುಂದಿನ ಆಷಾಢ ಏಕಾದಶಿಯಂದು ಶಹಾಡ್‌ನ ಮಂದಿರದ ಸರತಿಯಲ್ಲಿ ನಿಂತ ಕನ್ನಡಿಗ ತಂದೆಯೊಬ್ಬನು ತನ್ನ ಮಗಳಿಗೆ ಈ ದೇವರು ನಮ್ಮವನೂ ಹೌದು, ಅವರವನೂ ಹೌದು ಎಂದು ಆಧಾರಸಹಿತ ಹೇಳಬಲ್ಲನಾದರೆ, ಕಲೀನಾದಲ್ಲಿ ಬರೆದುದು ಶಹಾಡ್‌ಗೆ ತಲುಪಿತೆಂದು ತಿಳಿಯಬಹುದು.