ಅಮೀನಾ ಯಾರ ಝಾನ್ಸಿ ರಾಣಿಯೂ ಅಲ್ಲ

ಹೊರನಾಡಿನ ನಮ್ಮ ಕೂಟಗಳಲ್ಲಿ ಮಹಿಳಾ ದಿನಾಚರಣೆ ಬಂತೆಂದರೆ ಜಗತ್ತಿನ ವೀರವನಿತೆಯರ ಪಟ್ಟಿಯೊಂದು ವೇದಿಕೆ ಏರುತ್ತದೆ. ಅದರಲ್ಲಿ ಜಜ್ಜಾವಿನ ರಾಣಿ ಅಮೀನಾಳೂ ಇದ್ದರೆ ನನಗೆ ಸಂತೋಷವೇ. ಆದರೆ ಅವಳನ್ನು ‘ಆಫ್ರಿಕಾದ ಝಾನ್ಸಿ ರಾಣಿ’ ಎಂದು ಪರಿಚಯಿಸುವುದಕ್ಕೆ ನನ್ನ ತಕರಾರಿದೆ.

ಮೊದಲನೆಯದು ಕಾಲದ ತಕರಾರು. ಅಮೀನಾ 15ನೇ ಶತಮಾನದವಳೆಂದು ಕೆಲವರು, 16ನೇ ಶತಮಾನದವಳೆಂದು ಕೆಲವರು ಹೇಳುತ್ತಾರೆ. ಹೇಗೆ ಲೆಕ್ಕ ಹಾಕಿದರೂ 1857ರ ಲಕ್ಷ್ಮೀಬಾಯಿಗಿಂತ ಎರಡು ಶತಮಾನಕ್ಕೂ ಹಿರಿಯಳು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮ ಪದ್ಧತಿ. ಇಲ್ಲಿ ಮೊಮ್ಮಗಳ ಹೆಸರನ್ನು ಅಜ್ಜಿಗೆ ಇಡುತ್ತಿದ್ದೇವೆ.

ಎರಡನೆಯ ತಕರಾರು ದೊಡ್ಡದು. ಅಬ್ಬಕ್ಕ, ಚೆನ್ನಮ್ಮ, ಲಕ್ಷ್ಮೀಬಾಯಿ ಮೂವರೂ ಹೊರಗಿನಿಂದ ಬಂದವರ ವಿರುದ್ಧ ತಮ್ಮ ನೆಲವನ್ನು ಕಾಯಲು ನಿಂತವರು. ಅಮೀನಾ ಹಾಗಲ್ಲ. ಅವಳೇ ದಂಡೆತ್ತಿ ಹೋದವಳು. ಇಂದಿನ ಉತ್ತರ ನೈಜೀರಿಯಾದಲ್ಲಿರುವ ಜಾರಿಯಾ ಅವಳ ಸೀಮೆ. ಕಾನೋ ನಗರದ ಅರಸರ ವೃತ್ತಾಂತ ಅವಳಿಗಾಗಿ ಮೀಸಲಿಟ್ಟಿರುವುದು ಕೆಲವೇ ಸಾಲು. ಕ್ವರರಫ ಮತ್ತು ನೂಪೆಯವರೆಗಿನ ಊರುಗಳನ್ನೆಲ್ಲ ಗೆದ್ದಳು, 34 ವರ್ಷ ದಂಡಯಾತ್ರೆ ನಡೆಸಿದಳು, ನೂಪೆಯ ದೊರೆ ಅವಳಿಗೆ 40 ಖೋಜಾಗಳನ್ನೂ 10,000 ಕೋಲಾ ಕಾಯಿಗಳನ್ನೂ ಕಳಿಸಿದ, ಅವಳ ಕಾಲದಲ್ಲಿ ಪಡುವಣ ನಾಡುಗಳ ಸರಕೆಲ್ಲ ಹೌಸಾ ನಾಡಿಗೆ ಬಂತು ಎಂಬುದು ಅದರ ಸಾರ.

ನಾನು ಕೇಳುವುದಿಷ್ಟು: ನಮ್ಮ ಭಾಷಣಗಳಲ್ಲಿ ಈ ಕೋಲಾ ಕಾಯಿಗಳು ಎಲ್ಲಿ ಹೋದವು? ನಮ್ಮ ಅಡಿಕೆಯ ಹಾಗೆ ಅಗಿಯುವ, ಮದುವೆ-ನಾಮಕರಣಗಳಲ್ಲಿ ಹಂಚುವ ಈ ಕಾಯಿ ಹೌಸಾ ಬಯಲಿನಲ್ಲಿ ಬೆಳೆಯುವುದಿಲ್ಲ. ದಕ್ಷಿಣದ ಮಳೆಕಾಡಿನಿಂದ ಬರಬೇಕು. 10,000 ಕಾಯಿ ಬಂತೆಂದರೆ ದಾರಿ, ಸಂತೆ, ಸುಂಕ ಎಲ್ಲದರ ಮೇಲೂ ಅವಳ ಹಿಡಿತವಿತ್ತೆಂದು ಅರ್ಥ. ಗಂಡು ಅರಸನಾಗಿದ್ದರೆ ಇದನ್ನು ರಾಜನೀತಿ ಎನ್ನುತ್ತಿದ್ದೆವು. ಹೆಣ್ಣಾದ್ದರಿಂದ ಕುದುರೆ ಮತ್ತು ಕತ್ತಿಯ ಚಿತ್ರಕ್ಕೆ ತೃಪ್ತರಾಗುತ್ತೇವೆ.

ಆ 40 ಮಂದಿ ಎಲ್ಲಿ ಹೋದರು ಎಂದೂ ಕೇಳಬೇಕು. ಅವರು ಕಪ್ಪವಾಗಿ ಬಂದ ಮನುಷ್ಯರು. ಹೌಸಾ ಐತಿಹ್ಯದಲ್ಲಿ ಏಳು ರಾಜ್ಯಗಳಿಗೂ ಒಂದೊಂದು ಕಸುಬು ಹೇಳಿದೆ. ಜಜ್ಜಾವಿನ ಪಾಲಿಗೆ ಬಂದದ್ದು ಗುಲಾಮರನ್ನು ಒದಗಿಸುವುದು. ಇದನ್ನು ಮುಚ್ಚಿಟ್ಟು ಅಮೀನಾಳನ್ನು ಸ್ವಾತಂತ್ರ್ಯವೀರೆ ಮಾಡಿದರೆ ಅವಳು ಗೆದ್ದ ಊರುಗಳ ಹೆಂಗಸರಿಗೆ ನಾವು ಯಾವ ಮುಖ ತೋರಿಸುವುದು?

ಇನ್ನೊಂದು ಕತೆಯನ್ನಂತೂ ಎಲ್ಲರೂ ಚಪ್ಪರಿಸುತ್ತಾರೆ: ಗೆದ್ದ ಊರಿಗೊಬ್ಬ ಪ್ರಿಯಕರ, ಬೆಳಗಾಗುತ್ತಲೇ ಅವನ ತಲೆ ನೆಲಕ್ಕೆ. ಕಾನೋ ವೃತ್ತಾಂತದಲ್ಲಿ ಇದರ ಸೊಲ್ಲೇ ಇಲ್ಲ. ಮದುವೆಯಾಗದೆ ಆಳಿದ ಹೆಣ್ಣನ್ನು ಕಂಡು ಹೆದರಿದವರು ಕಟ್ಟಿದ ಕತೆಯಿದು ಎಂಬುದು ನನ್ನ ನಂಬಿಕೆ. ಇದನ್ನು ನಗುನಗುತ್ತಾ ಹೇಳುವವರು ಆ ಹೆದರಿಕೆಯನ್ನೇ ಮುಂದಿನ ತಲೆಮಾರಿಗೆ ದಾಟಿಸುತ್ತಿದ್ದಾರೆ.

‘ಎಲ್ಲ ಬರೆದದ್ದು ಆಮೇಲೆ, ಆಕೆ ಇದ್ದಳೋ ಇಲ್ಲವೋ’ ಎನ್ನುವವರಿದ್ದಾರೆ. ಅವಳನ್ನು ಹೆಸರಿಸುವ ಮುಹಮ್ಮದ್ ಬೆಲ್ಲೋ 19ನೇ ಶತಮಾನದವನು, ನಿಜ. ಆದರೆ ಚಿತ್ರದುರ್ಗದ ಓಬವ್ವನನ್ನು ನಮಗೆ ಉಳಿಸಿಕೊಟ್ಟದ್ದೂ ಮುಖ್ಯವಾಗಿ ಜನರ ನೆನಪೇ. ಅವಳ ಜಯಂತಿಯನ್ನು ನಮ್ಮ ಸರ್ಕಾರ ಆಚರಿಸುತ್ತದೆ, ಆಚರಿಸಲಿ. ನಮ್ಮವಳಿಗೆ ಒಂದು ತಕ್ಕಡಿ, ಆಫ್ರಿಕಾದವಳಿಗೆ ಇನ್ನೊಂದು ಎಂದರೆ ಅದು ಇತಿಹಾಸದ ಕಾಳಜಿಯಲ್ಲ, ಮೈಬಣ್ಣದ ಲೆಕ್ಕ. ಹೌಸಾ ನಾಡಿನ ಹಳೆಯ ಮಣ್ಣಿನ ಕೋಟೆಗೋಡೆಗಳನ್ನು ಜನ ಇಂದಿಗೂ ‘ಅಮೀನಾಳ ಗೋಡೆ’ ಎನ್ನುತ್ತಾರೆ. ಎಲ್ಲವನ್ನೂ ಅವಳೇ ಕಟ್ಟಿಸಿರಲಾರಳು. ಆದರೂ ಅಷ್ಟು ಊರುಗಳ ನೆನಪಿನಲ್ಲಿ ಒಬ್ಬಳ ಹೆಸರು ನಿಂತಿರುವುದು ಸಣ್ಣ ಸಾಕ್ಷಿಯಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಅಮೀನಾಳ ಕತೆ ಹೇಳೋಣ. ಅವಳು ಒಳ್ಳೆಯವಳಾಗಿದ್ದಳು ಎಂಬ ಕಾರಣಕ್ಕಲ್ಲ. ಹೆಣ್ಣೊಬ್ಬಳು ರಾಜ್ಯ ಬೆಳೆಸಬಲ್ಲಳು, ವ್ಯಾಪಾರದ ದಾರಿ ತೆರೆಯಬಲ್ಲಳು, ಅಧಿಕಾರ ಸಿಕ್ಕರೆ ಗಂಡಸಿನಷ್ಟೇ ಕ್ರೂರಿಯೂ ಆಗಬಲ್ಲಳು ಎಂದು ಅವರಿಗೆ ತಿಳಿದಿರಬೇಕು. ಪೂಜೆಗೆ ಬೇಕಾದ ಮೂರ್ತಿಗಳು ನಮ್ಮಲ್ಲಿ ಸಾಕಷ್ಟಿವೆ. ಅರಸಿಯನ್ನು ಅರಸಿಯಾಗಿಯೇ ನೋಡುವುದನ್ನು ಇನ್ನಾದರೂ ಕಲಿಯೋಣ.