ಸಾಲಕ್ಕೂ ಮೊದಲು ಜಾಗ

ಹೈದರಾಬಾದಿನ ಮಾದಾಪುರದಲ್ಲಿ ಮಧ್ಯಾಹ್ನ ಹನ್ನೆರಡೂವರೆ ಆಯಿತೆಂದರೆ ಊಟದ ಬಂಡಿಗಳ ಮುಂದೆ ಜನ ನೆರೆಯುತ್ತಾರೆ. ಕೊರಳಲ್ಲಿ ಕಂಪನಿಯ ಗುರುತಿನ ಪಟ್ಟಿ ನೇತುಹಾಕಿಕೊಂಡವರ ಪಕ್ಕದಲ್ಲೇ ಕ್ಯಾಬ್ ಚಾಲಕ, ಗಾಜಿನ ಕಟ್ಟಡದ ಕಾವಲುಗಾರ, ಕಚೇರಿ ಗುಡಿಸುವ ಹೆಂಗಸು. ಎಲ್ಲರೂ ನಿಂತೇ ಉಣ್ಣುತ್ತಾರೆ. ದೊಡ್ಡ ಡಬರಿಯಿಂದ ಬಿಸಿ ಅನ್ನ, ಮೇಲೆ ಕೋಳಿ ಸಾರು, ಬಂಡಿಯ ಕಂಬಕ್ಕೆ ಕಟ್ಟಿದ ಕ್ಯೂಆರ್ ಹಲಗೆ. ದುಡ್ಡು ಬಂತೆಂದು ಪುಟ್ಟ ಪೆಟ್ಟಿಗೆ ತೆಲುಗಿನಲ್ಲಿ ಕೂಗಿದರೆ ಬಡಿಸುವಾಕೆ ತಲೆ ಎತ್ತಿ ನೋಡುವುದೂ ಇಲ್ಲ. ಸೌಟು ಆಗಲೇ ಮುಂದಿನ ತಟ್ಟೆಯ ಮೇಲಿರುತ್ತದೆ. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಬೆಳೆದ ಈ ಪ್ರದೇಶದಲ್ಲಿ ಕಡಿಮೆ ಸಂಬಳದವರ ಹೊಟ್ಟೆ ತುಂಬಿಸುತ್ತಿರುವುದು ಇಂಥ ಬಂಡಿಗಳೇ.

ಅಂಥದೊಂದು ಬಂಡಿ 2024ರ ಜನವರಿಯಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ವಿಡಿಯೊಗಳಿಂದ ಅದನ್ನು ನಡೆಸುವ ಮಹಿಳೆಯ ಅಡುಗೆಯ ಹೆಸರು ಹರಡಿ ಜನ ಮುಗಿಬಿದ್ದರು. ರಸ್ತೆ ಕಟ್ಟಿಕೊಂಡಿತು, ಜಾಗ ಬಿಡಿ ಎಂದರು ಸಂಚಾರ ಪೊಲೀಸರು. ಕಡೆಗೆ ಮುಖ್ಯಮಂತ್ರಿ ರೇವಂತ ರೆಡ್ಡಿಯವರೇ ನಡುವೆ ಬಂದು, ಆಕೆ ಅಲ್ಲೇ ವ್ಯಾಪಾರ ಮಾಡಲಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಯಾರೂ ವಿಡಿಯೊ ಮಾಡದ ಬಂಡಿಯವರ ಗತಿ ಏನು? ಮುಖ್ಯಮಂತ್ರಿ ಎಷ್ಟು ಬಂಡಿಗಳ ಪರವಾಗಿ ಮಾತಾಡಲು ಸಾಧ್ಯ?

ಅವರು ಮಾತಾಡಬೇಕಾದ ಅಗತ್ಯವೇ ಇರಬಾರದಿತ್ತು. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆಂದೇ 2014ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು, ಸಮೀಕ್ಷೆಯಲ್ಲಿ ಸಿಕ್ಕವರಿಗೆ ವ್ಯಾಪಾರ ಪ್ರಮಾಣಪತ್ರ ಕೊಡಬೇಕು, ಅದು ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು. ಆಮೇಲೆ ಎಬ್ಬಿಸುವುದೇ ಆದರೆ ಮೂವತ್ತು ದಿನಗಳ ನೋಟಿಸು ಬೇಕು. ಇದನ್ನೆಲ್ಲ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇ. 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಇಷ್ಟು ಸ್ಪಷ್ಟವಾಗಿ ಬರೆದಿರುವ ಕಾಯ್ದೆಯಿದ್ದೂ ಒಬ್ಬಾಕೆಯ ಅನ್ನಕ್ಕೆ ಮುಖ್ಯಮಂತ್ರಿಯ ಕೃಪೆ ಬೇಕಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅದೇ ಮಾದಾಪುರದ ಶಿಲ್ಪಕಲಾ ವೇದಿಕೆಯಲ್ಲಿ, ತೆಲಂಗಾಣ ಸರ್ಕಾರ ಸಣ್ಣ ಉದ್ದಿಮೆಗಳಿಗೆ ಹೊಸ ನೀತಿ ಪ್ರಕಟಿಸಿತು. ಭೂಮಿ, ಬಂಡವಾಳ, ಕಚ್ಚಾವಸ್ತು, ಕಾರ್ಮಿಕರು, ತಂತ್ರಜ್ಞಾನ, ಮಾರುಕಟ್ಟೆ: ಸಣ್ಣವರ ಕಷ್ಟಗಳನ್ನು ಅದು ಸರಿಯಾಗಿಯೇ ಗುರುತಿಸಿದೆ. ಆದರೆ ಅಲ್ಲಿ ಭೂಮಿ ಎಂದರೆ ಕೈಗಾರಿಕಾ ಪ್ರದೇಶದ ನಿವೇಶನ. ಬಂಡಿ ನಿಲ್ಲಿಸುವ ಆರಡಿ ನೆಲವೂ ಭೂಮಿಯೇ ಎಂದು ನಮ್ಮ ಸರ್ಕಾರಗಳಿಗೆ ಯಾವಾಗ ಅನ್ನಿಸೀತು?

ಸಾಲ ಸಿಗುತ್ತಿಲ್ಲ ಎಂದಲ್ಲ. ಕೇಂದ್ರದ ಸ್ವನಿಧಿ ಯೋಜನೆ 2020ರ ಜೂನ್‌ನಿಂದ ಇದೆ, 2030ರ ಮಾರ್ಚ್‌ವರೆಗೆ ವಿಸ್ತರಣೆಯೂ ಆಗಿದೆ. ಜಾಮೀನಿಲ್ಲದೆ ಮೊದಲು 15,000, ತೀರಿಸಿದರೆ 25,000, ಆಮೇಲೆ 50,000 ರೂಪಾಯಿ. ಕಂತು ತಪ್ಪದಿದ್ದರೆ ಬಡ್ಡಿಯಲ್ಲಿ ಶೇ. 7 ಸಹಾಯಧನ. ಬೆಳಿಗ್ಗೆ ತಂದು ಸಂಜೆ ಬಡ್ಡಿ ಸಮೇತ ಎಣಿಸಬೇಕಾದ ಕೈಸಾಲಕ್ಕೆ ಹೋಲಿಸಿದರೆ ಇದು ನಿಜಕ್ಕೂ ದೊಡ್ಡ ಆಸರೆ. ಆದರೆ ಸ್ವನಿಧಿಯ ಹಣದಲ್ಲಿ ಒಲೆ, ಸಿಲಿಂಡರು, ಪಾತ್ರೆ ಕೊಂಡ ಮರುವಾರವೇ ಬಂಡಿ ಎತ್ತಿಸಿದರೆ ಏನಾಗುತ್ತದೆ? ಗಿರಾಕಿ ಬಂಡಿಯನ್ನು ಹುಡುಕಿಕೊಂಡು ಬರುವುದಿಲ್ಲ. ಕಂತಿನ ದಿನ ಮಾತ್ರ ತಪ್ಪದೆ ಬರುತ್ತದೆ.

ಇನ್ನು ತಂತ್ರಜ್ಞಾನ. ಕ್ಯೂಆರ್ ಹಾಕಿಕೊಳ್ಳಿ, ಲೆಕ್ಕ ಹುಟ್ಟುತ್ತದೆ, ಲೆಕ್ಕ ನೋಡಿ ಬ್ಯಾಂಕು ಸಾಲ ಕೊಡುತ್ತದೆ ಎಂದು ಹೇಳಿದವರು ನಾವೇ. 2025ರ ಜುಲೈನಲ್ಲಿ ಕರ್ನಾಟಕದಲ್ಲಿ ಆ ಲೆಕ್ಕವೇ ನೋಟಿಸಾಗಿ ಬಾಗಿಲಿಗೆ ಬಂತು. ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿ ಯುಪಿಐನಲ್ಲಿ ಬಂದಿದೆ ಎಂದು ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಜಿಎಸ್‌ಟಿ ಕೇಳಲಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತು 'ನಗದು ಮಾತ್ರ' ಎಂಬ ಚೀಟಿ ಅಂಟಿತು. ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳಿಗೆ ಭರವಸೆ ಕೊಡಬೇಕಾಯಿತು. ಅಲ್ಲೂ ಮುಖ್ಯಮಂತ್ರಿಯೇ, ಇಲ್ಲೂ ಮುಖ್ಯಮಂತ್ರಿಯೇ. ನಡುವಿನ ಕಚೇರಿಗಳು ಯಾವ ಕೆಲಸಕ್ಕೆ ಇವೆ?

ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು. ನಮ್ಮ ತಕರಾರು ಅದಲ್ಲ. ಕ್ಯೂಆರ್‌ನ ಲೆಕ್ಕ ನೋಟಿಸಿಗೆ ಸಾಕ್ಷಿಯಾಗುವುದಾದರೆ, ಇವರು ಇಷ್ಟು ವರ್ಷ ದುಡಿದು ಬದುಕಿದ ವ್ಯಾಪಾರಿಗಳು ಎಂಬುದಕ್ಕೂ ಅದು ಸಾಕ್ಷಿಯಾಗಲಿ. ಸ್ವನಿಧಿ ಸಾಲ ಮಂಜೂರಾದ ದಿನವೇ ವ್ಯಾಪಾರ ಪ್ರಮಾಣಪತ್ರವೂ ಕೈಗೆ ಸಿಗುವಂತೆ ನಗರಾಡಳಿತಗಳು ಮಾಡಲಿ. ಸಾಲ ಕೊಡುವಾಗ ವ್ಯಾಪಾರಿ, ರಸ್ತೆ ತೆರವು ಮಾಡುವಾಗ ಒತ್ತುವರಿದಾರ ಎಂಬ ಎರಡು ನಾಲಿಗೆ ಸರ್ಕಾರಕ್ಕೆ ಬೇಡ. ಹೈದರಾಬಾದಿಗೂ ಇದೇ ಮಾತು, ಬೆಂಗಳೂರಿಗೂ, ಬೀದರ್, ಕಲಬುರಗಿಗೂ ಇದೇ ಮಾತು.

ಓದುಗರಲ್ಲಿ ಒಂದು ವಿನಂತಿ. ನಾಳೆ ನಿಮ್ಮ ಓಣಿಯ ಇಡ್ಲಿ ಬಂಡಿಯವರನ್ನು, ಹೂವಿನವರನ್ನು ಪ್ರಮಾಣಪತ್ರ ಸಿಕ್ಕಿದೆಯೇ ಎಂದು ಕೇಳಿ. ಇಲ್ಲವೆಂದರೆ ಒಂದು ಬೆಳಿಗ್ಗೆ ಅವರ ಜೊತೆ ಪುರಸಭೆಗೋ ಪಾಲಿಕೆಗೋ ಹೋಗಿ, ಅರ್ಜಿ ಬರೆದುಕೊಟ್ಟು, ಸ್ವೀಕೃತಿ ಚೀಟಿ ಕೊಡಿಸಿ ಬನ್ನಿ.